ಮಾಜಿ ಸೈನಿಕರ ದಾಖಲೆ ತಿದ್ದುಪಡಿ ಸೇವೆ: ಮಂಗಳೂರು, ಉಡುಪಿಯಿಂದ ಅರ್ಜಿ ಹಾಕುವವರಿಗೆ ಒಂದು ವಿಮರ್ಶೆ

ಪಿಂಚಣಿ ಆದೇಶಪತ್ರದಲ್ಲಿ, ಅಂದರೆ ಎಲ್ಲರೂ ಪಿಪಿಒ ಎನ್ನುವ ಆ ಹಾಳೆಯಲ್ಲಿ, ಹೆಂಡತಿಯ ಹೆಸರಿನ ಒಂದಕ್ಷರ ತಪ್ಪಿದ್ದರೆ ಗಂಡ ಇರುವಷ್ಟು ಕಾಲ ಅದರ ಬಿಸಿ ಯಾರಿಗೂ ತಟ್ಟುವುದಿಲ್ಲ. ತಿಂಗಳು ತಿಂಗಳು ಹಣ ಬ್ಯಾಂಕಿಗೆ ಬೀಳುತ್ತದೆ, ಕ್ಯಾಂಟೀನ್ ಕಾರ್ಡ್ ನಡೆಯುತ್ತದೆ. ಅವರು ತೀರಿಕೊಂಡು ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ, ಆಧಾರ್‌ನಲ್ಲಿರುವ ಹೆಂಗಸೂ ಸೇನೆಯ ಕಡತದಲ್ಲಿರುವ ಹೆಂಗಸೂ ಒಬ್ಬರೇ ಎಂದು ತೋರಿಸಿಕೊಡುವ ಹೊರೆ ಆಕೆಯ ಮೇಲೆಯೇ ಬೀಳುತ್ತದೆ. ಹೌದೆಂದು ಒಂದು ಸಹಿ ಹಾಕಿ ಮುಗಿಸಬಹುದಾಗಿದ್ದ ಮನುಷ್ಯ ಆಗ ಇರುವುದಿಲ್ಲ.

ಸೇನಾ ದಾಖಲೆಯಲ್ಲಿರುವ ಹೆಸರು, ಜನ್ಮದಿನಾಂಕ, ಹೆಂಡತಿ ಮಕ್ಕಳ ವಿವರ, ವಿಳಾಸ ಇವನ್ನು ಸರಿಪಡಿಸಿಕೊಳ್ಳಲು ಕರಾವಳಿಯವರಿಗೆ ನಾಲ್ಕು ಬಾಗಿಲುಗಳಿವೆ. ಒಂದು, ರಕ್ಷಣಾ ಪಿಂಚಣಿಯ ಸ್ಪರ್ಶ್ ಜಾಲತಾಣ. ಎರಡು, ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸ್. ಮೂರು, ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪನಿರ್ದೇಶಕರ ಕಚೇರಿ. ನಾಲ್ಕು, ಊರೂರಲ್ಲಿರುವ ಸಾಮಾನ್ಯ ಸೇವಾ ಕೇಂದ್ರ ಅಥವಾ ಸೈಬರ್ ಸೆಂಟರ್. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಹೆಸರು ಮತ್ತು ಜನ್ಮದಿನಾಂಕದ ವಿಷಯಕ್ಕೆ ರೆಕಾರ್ಡ್ ಆಫೀಸಿಗೆ ಕಾಗದದ ಅರ್ಜಿಯೇ ಸರಿಯಾದ ದಾರಿ, ಅದು ಸೈನಿಕ ಕಲ್ಯಾಣ ಕಚೇರಿಯ ಮೇಲುಸಹಿಯೊಂದಿಗೆ ಹೋಗಬೇಕು. ಸ್ಪರ್ಶ್ ವಿಳಾಸ, ಮೊಬೈಲ್, ಬ್ಯಾಂಕ್ ಖಾತೆಗೆ ಒಳ್ಳೆಯದು, ಉಳಿದದ್ದಕ್ಕೆ ಎರಡನೆಯ ಹೆಜ್ಜೆ.

ತಪ್ಪು ಯಾವ ಪದರದಲ್ಲಿದೆ

ಸೈನಿಕನ ವಿವರ ಮೂರು ಪದರಗಳಲ್ಲಿ ಕೂತಿರುತ್ತದೆ. ತಳದಲ್ಲಿ ರೆಕಾರ್ಡ್ ಆಫೀಸಿನ ಸೇವಾ ಕಡತ: ಭರ್ತಿಯ ದಿನ ತುಂಬಿಸಿದ ನಮೂನೆ, ಸೇವೆಯ ವಿವರವಿರುವ ಶೀಟ್ ರೋಲ್, ಮನೆಯವರ ಪಟ್ಟಿಯಿರುವ ಕಿಂಡ್ರೆಡ್ ರೋಲ್. ಅದರ ಆಧಾರದಲ್ಲಿ ನಿವೃತ್ತಿಯ ವೇಳೆ ಸಿದ್ಧವಾದದ್ದು ಪಿಪಿಒ. ಭೂಸೇನೆಯವರಿಗೆ ಇದು ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ಬರುತ್ತದೆ. ಮೂರನೆಯದು, ಹಳೆಯ ಪಿಪಿಒಗಳ ಮಾಹಿತಿಯನ್ನು ಎತ್ತಿಕೊಂಡು ತುಂಬಿಸಿದ ಸ್ಪರ್ಶ್.

ಕೆಳಗಿನದು ಸರಿಯಾಗದೆ ಮೇಲಿನದು ಸರಿಯಾಗುವುದಿಲ್ಲ. ಸೇವಾ ಕಡತದಲ್ಲಿ ಒಂದು ಸಾಲು ಬದಲಾಗಬೇಕಾದರೆ ಭೂಸೇನೆಯಲ್ಲಿ ಪಾರ್ಟ್ ಟು ಆರ್ಡರ್, ಅಂದರೆ ಆ ಬದಲಾವಣೆಯನ್ನು ದಾಖಲಿಸುವ ಅಧಿಕೃತ ಆದೇಶ, ಹೊರಡಬೇಕು. ಮದುವೆ, ಮಗು ಹುಟ್ಟಿದ್ದು, ಹೆಸರು ತಿದ್ದಿದ್ದು ಎಲ್ಲವೂ ಸೇನೆಯ ಭಾಷೆಯಲ್ಲಿ 'ಕ್ಯಾಶುವಲ್ಟಿ'. ಸಾವುನೋವು ಎಂಬ ಅರ್ಥದಲ್ಲೇ ಕೇಳಿದ ಈ ಮಾತು ಪತ್ರದಲ್ಲಿ ಕಂಡು ಎಷ್ಟೋ ಮನೆಗಳಲ್ಲಿ ಗಾಬರಿಯಾಗುತ್ತದೆ, ಹೆದರಬೇಕಾದ್ದಿಲ್ಲ; ಅದಕ್ಕೆ ಅಲ್ಲಿ 'ದಾಖಲಾಗಬೇಕಾದ ಘಟನೆ' ಎಂದಷ್ಟೇ ಅರ್ಥ. ನೌಕಾಪಡೆಯಲ್ಲಿ ಇದೇ ಕೆಲಸ ಮಾಡುವ ಕಾಗದಕ್ಕೆ ಜೆನ್‌ಫಾರ್ಮ್ ಎನ್ನುತ್ತಾರೆ, ವಾಯುಪಡೆಯಲ್ಲಿ ಪಿಒಆರ್. ಪಾರ್ಟ್ ಟು ಆರ್ಡರ್ ಆದ ಮೇಲೆ ಪಿಪಿಒಗೆ ತಿದ್ದುಪಡಿ ಆದೇಶ, ಅಂದರೆ ಕೊರಿಜೆಂಡಮ್ ಪಿಪಿಒ. ಅದರ ನಂತರ ಸ್ಪರ್ಶ್‌ನಲ್ಲಿ ಹೊಸ ವಿವರ.

ಜನ ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲೇ ಇದೆ. ಕಣ್ಣಿಗೆ ಕಾಣುವುದು ಸ್ಪರ್ಶ್‌ನ ಪರದೆ, ಹಾಗಾಗಿ ಅಲ್ಲಿ ತಿದ್ದಲು ಕೋರಿಕೆ ಹಾಕುತ್ತಾರೆ. ಆ ಕೋರಿಕೆ ತಿರುಗಿ ರೆಕಾರ್ಡ್ ಆಫೀಸಿಗೇ ಹೋಗುತ್ತದೆ. ಅಲ್ಲಿನ ಗುಮಾಸ್ತ ಕಡತ ತೆಗೆದು ನೋಡಿದರೆ ಹಳೆಯ ಹೆಸರೇ ಇದೆ, ಪಾರ್ಟ್ ಟು ಆರ್ಡರ್ ಇಲ್ಲ. ಕೋರಿಕೆ ತಿರಸ್ಕೃತ. ಅದೇ ಆಧಾರ್ ಪ್ರತಿ ಅಂಟಿಸಿ ಮತ್ತೆ ಮತ್ತೆ ಹಾಕಿದರೆ ಉತ್ತರವೂ ಅದೇ. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು: ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲೂ ಪಿಪಿಒದಲ್ಲೂ ಸರಿಯಿದ್ದು ಸ್ಪರ್ಶ್‌ಗೆ ತುಂಬಿಸುವಾಗ ಮಾತ್ರ ತಪ್ಪಿರುವುದು. ಆಗ ಪಿಪಿಒ ಪ್ರತಿ ಲಗತ್ತಿಸಿ ಜಾಲತಾಣದಲ್ಲೇ ಕೋರಿಕೆ ಹಾಕಿದರೆ ಸಾಕು, ಅಫಿಡವಿಟ್ ಬೇಕಿಲ್ಲ. ಆದ್ದರಿಂದ ಮೊದಲ ಕೆಲಸ ಈ ಮೂರನ್ನೂ ಆಧಾರ್ ಅನ್ನೂ ಮೇಜಿನ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ಹೋಲಿಸುವುದು. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಗೀಚಿ: ಡಿಸ್ಚಾರ್ಜ್ ಬುಕ್, ಪಿಪಿಒ, ಸ್ಪರ್ಶ್, ಆಧಾರ್. ಅರ್ಧ ಗಂಟೆಯ ಕೆಲಸ ಇದು, ಮುಂದೆ ತಿಂಗಳುಗಟ್ಟಲೆ ಉಳಿಸುತ್ತದೆ.

ನಮ್ಮೂರಿನ ಹೆಸರುಗಳು ಯಾಕೆ ತಪ್ಪುತ್ತವೆ

ಉತ್ತರದ ಯಾವುದೋ ತರಬೇತಿ ಕೇಂದ್ರದಲ್ಲಿ ಕೂತ ಗುಮಾಸ್ತನಿಗೆ ತುಳುನಾಡಿನ ಹೆಸರು ಕಿವಿಯಲ್ಲಿ ಕೇಳಿ ಬರೆಯುವುದು ಸುಲಭವಲ್ಲ. ಪೂಜಾರಿಯ ಕೊನೆಗೆ ಇಂಗ್ಲಿಷಿನ ವೈ ಬರುತ್ತದೋ ಐ ಬರುತ್ತದೋ, ಮೊದಲಿಗೆ ಎರಡು ಓ ಹಾಕಬೇಕೋ ಒಂದು ಯು ಸಾಕೋ? ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ಎರಡು ರೀತಿ ಇರುತ್ತದೆ. ಡಿಸೋಜ ಎಂಬಲ್ಲಿ ಡಿ ಅಕ್ಷರದ ಪಕ್ಕದ ಅಪಾಸ್ಟ್ರಫಿ ಕೆಲವು ಕಡೆ ಉಳಿಯುತ್ತದೆ, ಕೆಲವು ಕಡೆ ಜಾಗ ಬಿಟ್ಟು ಎರಡು ಪದವಾಗುತ್ತದೆ, ಕಂಪ್ಯೂಟರ್ ಅದನ್ನು ಬೇರೆ ಹೆಸರೆಂದೇ ಓದುತ್ತದೆ. ಹೆಸರಿನ ಮುಂದಿನ ಇನಿಷಿಯಲ್ ನಮ್ಮಲ್ಲಿ ಮನೆಯದ್ದೋ ಊರಿನದ್ದೋ ಆಗಿರುತ್ತದೆ. ಅದನ್ನು ಬಿಡಿಸಿ ಬರೆಯಲು ಹೇಳಿದಾಗ ಸೇನೆಯಲ್ಲಿ ಒಂದು ಬಗೆ, ಶಾಲೆಯಲ್ಲಿ ಇನ್ನೊಂದು ಬಗೆ ಆಗಿರುತ್ತದೆ.

ಹೆಂಡತಿಯ ಹೆಸರಿನ ತೊಡಕು ಇನ್ನೂ ಆಳದ್ದು. ಅಳಿಯಸಂತಾನ ಕಟ್ಟಿನ ಮನೆಗಳಲ್ಲಿ ಬಳಿ, ಅಂದರೆ ವಂಶದ ಗುರುತು, ತಾಯಿಯ ಕಡೆಯಿಂದ ಬರುತ್ತದೆ. ಗಂಡ ಶೆಟ್ಟಿಯಾಗಿದ್ದು ಹೆಂಡತಿ ರೈ ಅಥವಾ ಹೆಗ್ಡೆ ಆಗಿಯೇ ಉಳಿಯುವುದು ವಾಡಿಕೆ. ಮದುವೆಯ ಪಾರ್ಟ್ ಟು ಆರ್ಡರ್ ಬರೆದ ಘಟಕದ ಗುಮಾಸ್ತ ಗಂಡನ ಉಪನಾಮವನ್ನೇ ಆಕೆಗೂ ಹಚ್ಚಿರುತ್ತಾನೆ. ಎಸ್ಎಸ್ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ತವರಿನ ಹೆಸರು. ಗೌಡ ಸಾರಸ್ವತ ಮನೆಗಳಲ್ಲಿ ಮದುವೆಯ ದಿನ ವಧುವಿಗೆ ಹೊಸ ಹೆಸರಿಡುವ ಪದ್ಧತಿಯಿದೆ. ಅಲ್ಲಿ ಹೆಸರೇ ಎರಡು.

ಅರ್ಜಿಯ ಒಂದು ಪದ ಇಲ್ಲಿ ನಿರ್ಣಾಯಕ. ಅಕ್ಷರ ತಪ್ಪಿದ್ದಕ್ಕೆ, ಉಪನಾಮ ಬಿಟ್ಟುಹೋದದ್ದಕ್ಕೆ 'ತಿದ್ದುಪಡಿ' ಎಂದೇ ಬರೆಯಿರಿ. 'ಹೆಸರು ಬದಲಾವಣೆ' ಎಂದು ಬರೆದರೆ ಗೆಜೆಟ್ ಅಧಿಸೂಚನೆ ಕೇಳಿ ಪತ್ರ ವಾಪಸು ಬರುವ ಸಾಧ್ಯತೆ ಹೆಚ್ಚು, ಅದೇ ಒಂದು ಪ್ರತ್ಯೇಕ ಸಾಹಸ. ಮದುವೆಯಲ್ಲಿ ನಿಜವಾಗಿಯೂ ಹೆಸರು ಬದಲಾದವರು ಮಾತ್ರ ಎರಡೂ ಹೆಸರು ತೋರಿಸಿ ಬದಲಾವಣೆಯ ದಾರಿ ಹಿಡಿಯಬೇಕು.

ತಿದ್ದದೆ ಬಿಡಬಹುದಾದದ್ದೂ ಇದೆ. 1956ಕ್ಕೆ ಮೊದಲು ಈ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಹಾಗಾಗಿ ಕುಂದಾಪುರದ ಹಿರಿಯರ ಕಡತದಲ್ಲಿ 'ಸೌತ್ ಕೆನರಾ, ಮೈಸೂರು ರಾಜ್ಯ' ಎಂದಿದ್ದರೆ ಅದು ತಪ್ಪಲ್ಲ, ಆ ಹೊತ್ತಿಗೆ ಸರಿಯೇ. ಹತ್ತಿರದ ರೈಲು ನಿಲ್ದಾಣ ಎಂಬ ಕಾಲಂನಲ್ಲಿ ಉಡುಪಿ, ಕುಂದಾಪುರದವರಿಗೂ ಮಂಗಳೂರು ಎಂದೇ ಇರುತ್ತದೆ, ಕೊಂಕಣ ರೈಲು ಬರುವ ಮೊದಲು ಬೇರೆ ನಿಲ್ದಾಣ ಇರಲಿಲ್ಲ. ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ತಾಲೂಕುಗಳು ಈಚಿನವು. ಇಂಥದ್ದನ್ನೆಲ್ಲ ತಿದ್ದಲು ಹೊರಡಬೇಡಿ. ಈಗಿನ ವಿಳಾಸವನ್ನು ಸ್ಪರ್ಶ್‌ನಲ್ಲಿ ತುಂಬಿಸಿ, ಅಫಿಡವಿಟ್‌ನಲ್ಲಿ 'ಹಿಂದಿನ ದಕ್ಷಿಣ ಕನ್ನಡ ಜಿಲ್ಲೆ, ಈಗಿನ ಉಡುಪಿ ಜಿಲ್ಲೆ' ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು.

ಜನ್ಮದಿನಾಂಕ: ಯಾರದ್ದು ಎಂಬುದರ ಮೇಲೆ ಎಲ್ಲವೂ

ಸೈನಿಕನ ಸ್ವಂತ ಜನ್ಮದಿನಾಂಕ ಭರ್ತಿಯ ದಿನ ಬರೆದದ್ದೇ ಕೊನೆ. ನಿವೃತ್ತಿಯಾದ ಮೇಲೆ ಅದನ್ನು ಬದಲಿಸಿಕೊಡಿ ಎಂದು ಕೇಳುವುದರಲ್ಲಿ ಹುರುಳಿಲ್ಲ. ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ವಿಷಯ ನೆನಪಿಸಿಕೊಳ್ಳಿ: ಸೇನಾ ಮುಖ್ಯಾಲಯದ ಒಂದು ಶಾಖೆಯಲ್ಲಿ ಹುಟ್ಟಿದ ವರ್ಷ 1950, ಇನ್ನೊಂದು ಶಾಖೆಯಲ್ಲಿ 1951. ಸುಪ್ರೀಂ ಕೋರ್ಟಿನವರೆಗೆ ಹೋಗಿ, 2012ರ ಫೆಬ್ರವರಿಯಲ್ಲಿ ಅರ್ಜಿ ಹಿಂತೆಗೆದುಕೊಳ್ಳಬೇಕಾಯಿತು. ಭರ್ತಿ ನಮೂನೆಯಲ್ಲಿ ಒಂದು ದಿನಾಂಕವಿದ್ದು, ಪಿಪಿಒಗೆ ನಕಲಾಗುವಾಗ ಇನ್ನೊಂದಾಗಿದ್ದರೆ ಮಾತ್ರ 'ಭರ್ತಿ ನಮೂನೆಗೆ ಹೊಂದಿಸಿ' ಎಂದು ಕೇಳಬಹುದು. ಉಳಿದವರು ಆಧಾರ್ ಅನ್ನೇ ಸೇನೆಯ ದಿನಾಂಕಕ್ಕೆ ಹೊಂದಿಸಿಕೊಳ್ಳಬೇಕು. ಆಧಾರ್‌ನಲ್ಲಿ ಜನ್ಮದಿನಾಂಕ ಒಮ್ಮೆ ಮಾತ್ರ, ಹೆಸರು ಎರಡು ಬಾರಿ ಮಾತ್ರ ತಿದ್ದಲು ಅವಕಾಶ. ಆದ್ದರಿಂದ ಕೈಗೆ ಸಿಕ್ಕಿದ ಕೇಂದ್ರದಲ್ಲಿ ಅವಸರದಿಂದ ಮಾಡಿಸಿ ಆ ಒಂದು ಅವಕಾಶ ಕಳೆದುಕೊಳ್ಳಬೇಡಿ.

ಹೆಂಡತಿಯ ಜನ್ಮದಿನಾಂಕಕ್ಕೆ ಆ ಕಟ್ಟುನಿಟ್ಟಿಲ್ಲ, ಗಂಡನ ನಿವೃತ್ತಿಯ ನಂತರವೂ ತಿದ್ದಬಹುದು. ಅದರ ಬಗ್ಗೆ ಜನ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಲೇಬೇಕು. ಕುಟುಂಬ ಪಿಂಚಣಿ ಪಡೆಯುವವರಿಗೆ 80 ವರ್ಷವಾದ ತಿಂಗಳಿನಿಂದ ಶೇ. 20 ಹೆಚ್ಚುವರಿ, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರು ತುಂಬಿದರೆ ಪೂರ್ತಿ ಎರಡರಷ್ಟು. ಈ ಲೆಕ್ಕ ನಡೆಯುವುದು ದಾಖಲೆಯಲ್ಲಿರುವ ದಿನಾಂಕದ ಮೇಲೆ. ಕನಿಷ್ಠ ಕುಟುಂಬ ಪಿಂಚಣಿಯಾದ 9,000 ರೂಪಾಯಿಯನ್ನೇ ಹಿಡಿದರೂ ಶೇ. 20 ಎಂದರೆ ತಿಂಗಳಿಗೆ 1,800. ದಾಖಲೆಯಲ್ಲಿ ಮೂರು ವರ್ಷ ಚಿಕ್ಕವರೆಂದು ಬರೆದಿದ್ದರೆ 64,800 ರೂಪಾಯಿ, ಅದೂ ತುಟ್ಟಿಭತ್ಯೆ ಸೇರಿಸದೆ, ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ. ಹಳೆಯ ಪಿಪಿಒಗಳಲ್ಲಿ ದಿನಾಂಕವೇ ಇಲ್ಲದೆ ಖಾಲಿ ಇರುವುದೂ ಉಂಟು. ಅಂಥವರು ಪ್ಯಾನ್, ಅಂಕಪಟ್ಟಿ, ಪಾಸ್‌ಪೋರ್ಟ್ ಇವುಗಳಲ್ಲಿ ಒಂದನ್ನು ಕೊಟ್ಟು ಈಗಲೇ ತುಂಬಿಸಿಕೊಳ್ಳಬೇಕು.

ಯಾವ ರೆಕಾರ್ಡ್ ಆಫೀಸ್

ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಮಿಲಿಟರಿ ಪೊಲೀಸ್‌ಗೆ ಬೆಂಗಳೂರು, ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಮತ್ತು ಆರ್ಡ್ನೆನ್ಸ್‌ಗೆ ಸಿಕಂದರಾಬಾದ್, ಫಿರಂಗಿ ದಳದವರಿಗೆ (ಆರ್ಟಿಲರಿ) ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್‌ಪುರ, ಮೆಡಿಕಲ್ ಕೋರ್‌ಗೆ ಲಕ್ನೋ. ನೌಕಾಪಡೆಯ ನಾವಿಕರದ್ದು ಮುಂಬೈ ಮಾನ್ಖುರ್ದ್‌ನ ಬ್ಯೂರೋ ಆಫ್ ಸೈಲರ್ಸ್. ವಾಯುಪಡೆಯವರದ್ದು ದೆಹಲಿ ಸುಬ್ರೊತೊ ಪಾರ್ಕಿನ ರೆಕಾರ್ಡ್ ಆಫೀಸ್. ನಿವೃತ್ತಿಯ ನಂತರ ಡಿಎಸ್‌ಸಿ (ರಕ್ಷಣಾ ಭದ್ರತಾ ದಳ) ಸೇರಿ ಎರಡನೆಯ ಪಿಂಚಣಿ ಪಡೆದವರು ಎರಡು ಕಡೆ ಬರೆಯಬೇಕು: ಹಳೆಯ ರೆಜಿಮೆಂಟಿಗೂ, ಕಣ್ಣೂರಿನ ಡಿಎಸ್‌ಸಿ ರೆಕಾರ್ಡ್ಸ್‌ಗೂ. ಒಂದು ಕಡೆ ಮಾತ್ರ ತಿದ್ದಿಸಿದರೆ ಒಂದೇ ಮನುಷ್ಯನಿಗೆ ಎರಡು ಬಗೆಯ ದಾಖಲೆ ಉಳಿಯುತ್ತದೆ. ಮಂಗಳೂರಿನಿಂದ ಒಂದೇ ದಿನದಲ್ಲಿ ರೈಲಿನಲ್ಲಿ ಹೋಗಿಬರಬಹುದಾದದ್ದು ಕಣ್ಣೂರು ಒಂದೇ, ಆ ಅನುಕೂಲ ಬಳಸಿಕೊಳ್ಳಿ.

ಪಿಂಚಣಿಯಿಲ್ಲದೆ ಬೇಗ ಬಿಟ್ಟುಬಂದವರ ಕಡತವನ್ನು 25 ವರ್ಷಗಳ ನಂತರ ನಾಶಮಾಡುವ ನಿಯಮವಿದೆ. ಅಂಥವರಿಗೆ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಉಳಿದ ಆಧಾರ. ಮಳೆಗಾಲದ ತೇವ ತಾಗದಂತೆ ಇಡಿ, ಎಲ್ಲಾ ಪುಟ ಸ್ಕ್ಯಾನ್ ಮಾಡಿಸಿ.

ಕಾಗದದ ಕಟ್ಟು

ಇಲ್ಲಿ ನಿಧಾನಿಸಬೇಕು, ವಾಪಸು ಬರುವ ಅರ್ಜಿಗಳಲ್ಲಿ ಬಹುಪಾಲು ಇಲ್ಲೇ ಸೋಲುತ್ತವೆ.

ಅರ್ಜಿ ಇಂಗ್ಲಿಷಿನಲ್ಲಿರಲಿ, ಒಂದೇ ಪುಟ. ಮೇಲೆ ಸೈನಿಕ ಸಂಖ್ಯೆ, ಕೊನೆಯ ಅಕ್ಷರ ಸಮೇತ. ಭೂಸೇನೆಯ ಸಂಖ್ಯೆಯ ಬಾಲದಲ್ಲಿರುವ ಆ ಒಂದು ಇಂಗ್ಲಿಷ್ ಅಕ್ಷರ ಅಲಂಕಾರಕ್ಕಿರುವುದಲ್ಲ, ಅಂಕಿ ತಪ್ಪಿದೆಯೇ ಎಂದು ಪರೀಕ್ಷಿಸುವ ಅಕ್ಷರ. ನಾಯಬ್ ಸುಬೇದಾರರಾಗಿ ಬಡ್ತಿ ಹೊಂದಿ ಹೊಸದಾಗಿ ಜೆಸಿ ಸಂಖ್ಯೆ ಪಡೆದವರು ಹಳೆಯ ಸಂಖ್ಯೆಯನ್ನೂ ಬರೆಯಬೇಕು. ನಂತರ ಹುದ್ದೆ, ಹೆಸರು, ಬಿಡುಗಡೆಯ ದಿನಾಂಕ, ಪಿಪಿಒ ಸಂಖ್ಯೆ. ಕೆಳಗೆ ಎರಡೇ ಸಾಲು: ದಾಖಲೆಯಲ್ಲಿ ಹೀಗಿದೆ, ಹೀಗಾಗಬೇಕು. ತಪ್ಪು ಹೇಗಾಯಿತೆಂಬ ಕಥೆ ಬೇಡ. ಸಹಿ ಸೇವೆಯಲ್ಲಿದ್ದಾಗಿನ ಸಹಿಯೇ ಆಗಿರಬೇಕು; ಕೈ ನಡುಗುವ ಹಿರಿಯರಾದರೆ ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಿಸಿ ಅದನ್ನು ದೃಢೀಕರಿಸಿಕೊಳ್ಳಿ.

ಅಫಿಡವಿಟ್ ಇ-ಸ್ಟಾಂಪ್ ಕಾಗದದ ಮೇಲೆ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಇದರ ಶುಲ್ಕ 20 ರೂಪಾಯಿಯಿಂದ 100ಕ್ಕೆ ಏರಿದೆ, ಹಳೆಯ 20ರ ಕಾಗದ ನಡೆಯುವುದಿಲ್ಲ. ಅದರಲ್ಲಿ ತಪ್ಪು ರೂಪ, ಸರಿ ರೂಪ ಎರಡೂ ಇಂಗ್ಲಿಷ್ ಅಕ್ಷರಗಳಲ್ಲಿ, ಎರಡೂ ಹೆಸರು ಒಬ್ಬರೇ ವ್ಯಕ್ತಿಯದ್ದು ಎಂಬ ಮಾತು, ಹೆಂಡತಿಯದ್ದಾದರೆ ಕಾನೂನುಬದ್ಧವಾಗಿ ಮದುವೆಯಾದ ಪತ್ನಿ ಎಂಬ ಮಾತು ಇರಲೇಬೇಕು. ಮುಖ್ಯವಾದ ಪ್ರಶ್ನೆ ಯಾರ ಮುಂದೆ ಮಾಡಿಸುವುದು ಎಂಬುದು. ನೋಟರಿ ಹತ್ತು ನಿಮಿಷದ ಕೆಲಸ. ಆದರೆ ಹಲವು ರೆಕಾರ್ಡ್ ಆಫೀಸುಗಳು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ್ದನ್ನೇ ಕೇಳುತ್ತವೆ. ರೆಕಾರ್ಡ್ ಆಫೀಸಿನ ತಪಾಸಣಾ ಪಟ್ಟಿಯನ್ನು ಮೊದಲು ತರಿಸಿಕೊಂಡು, ಅದರಲ್ಲಿ ಏನಿದೆಯೋ ಹಾಗೆಯೇ ಮಾಡಿಸಿ.

ಪತ್ರಿಕಾ ಪ್ರಕಟಣೆ ಕೇಳಿದರೆ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆ. ಅಫಿಡವಿಟ್ ಮೊದಲು, ಜಾಹೀರಾತು ಆಮೇಲೆ. ದಿನಾಂಕದ ಈ ಕ್ರಮ ತಿರುವುಮುರುವಾದರೆ ಆಕ್ಷೇಪ ಬರುತ್ತದೆ. ಜಾಹೀರಾತಿನ ಹೆಸರು ಅಫಿಡವಿಟ್‌ನ ಹೆಸರಿಗೆ ಅಕ್ಷರಶಃ ತಾಳೆಯಾಗಬೇಕು. ಫೋನಿನಲ್ಲಿ ಹೇಳಿ ಬರೆಸಬೇಡಿ, ಅಚ್ಚಿಗೆ ಹೋಗುವ ಮೊದಲು ಕರಡು ನೋಡಿ. ಕಳಿಸುವಾಗ ಕತ್ತರಿಸಿದ ತುಂಡು ಬೇಡ, ಪತ್ರಿಕೆಯ ಹೆಸರೂ ದಿನಾಂಕವೂ ಕಾಣುವ ಇಡೀ ಪುಟ ಮಡಚಿ ಇಡಿ.

ಇವುಗಳ ಜೊತೆ ಪಿಪಿಒ, ಡಿಸ್ಚಾರ್ಜ್ ಬುಕ್ಕಿನ ವಿವರ ಮತ್ತು ಕುಟುಂಬದ ಪುಟಗಳು, ಇಬ್ಬರ ಆಧಾರ್ ಮತ್ತು ಪ್ಯಾನ್, ಶಾಲೆಯ ದಾಖಲೆ ಇದ್ದರೆ ಅದು, ದಂಪತಿಯ ಜೋಡಿ ಫೋಟೊ. ಮದುವೆಯ ಪುರಾವೆಗೆ ಉಪನೋಂದಣಿ ಕಚೇರಿಯ ಪ್ರಮಾಣಪತ್ರ ಎಲ್ಲಕ್ಕಿಂತ ಗಟ್ಟಿ. ಕ್ರೈಸ್ತರಿಗೆ ಇಗರ್ಜಿಯ ಮದುವೆ ಪುಸ್ತಕದ ನಕಲು, ಮುಸ್ಲಿಮರಿಗೆ ಜಮಾಅತಿನ ನಿಕಾಹ್ ಪುಸ್ತಕದ ನಕಲು ಪೂರಕವಾಗಿ ಚೆನ್ನಾಗಿ ನಿಲ್ಲುತ್ತವೆ, ಎಷ್ಟೋ ಸಲ ಸರ್ಕಾರಿ ಕಾಗದಕ್ಕಿಂತ ಹಳೆಯದಾಗಿ ಅಲ್ಲಿ ಹೆಸರು ಸ್ಪಷ್ಟವಾಗಿರುತ್ತದೆ. ಒಂದು ಎಚ್ಚರಿಕೆ: ದೇವಸ್ಥಾನದಲ್ಲಿ ಮದುವೆಯಾದ ದಿನ ಬೇರೆ, ವರ್ಷಗಳ ನಂತರ ನೋಂದಾಯಿಸಿದ ದಿನ ಬೇರೆ. ಸೇನೆಯ ಕಡತದಲ್ಲಿರುವುದು ಮೊದಲನೆಯದು. ಅರ್ಜಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಬರೆಯದಿದ್ದರೆ ಮದುವೆಯ ದಿನಾಂಕ ಮಗುವಿನ ಜನ್ಮದಿನಾಂಕಕ್ಕಿಂತ ಈಚಿನದಾಗಿ ಕಂಡು ಹೊಸ ತಕರಾರು ಹುಟ್ಟುತ್ತದೆ.

ಪ್ರತಿ ಜೆರಾಕ್ಸ್ ಹಾಳೆಯ ಮೇಲೂ ಸೈನಿಕ ಸಂಖ್ಯೆ ಬರೆದು ಸಹಿ ಮಾಡಿ. ಕಡತದಿಂದ ಒಂದು ಹಾಳೆ ಜಾರಿದರೂ ಎಲ್ಲಿಗೆ ಸೇರಿದ್ದೆಂದು ಗೊತ್ತಾಗಬೇಕು. ಮೂಲ ಡಿಸ್ಚಾರ್ಜ್ ಬುಕ್ ಅನ್ನು ಲಿಖಿತವಾಗಿ ಕೇಳದ ಹೊರತು ಅಂಚೆಯಲ್ಲಿ ಕಳಿಸಲೇಬೇಡಿ.

ನಾಲ್ಕು ಬಾಗಿಲುಗಳ ಬಗ್ಗೆ

ಸೈನಿಕ ಕಲ್ಯಾಣ ಕಚೇರಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ. ಸೇನೆಯ ಕಡತ ತಿದ್ದುವ ಅಧಿಕಾರ ಅವರಿಗಿಲ್ಲ, ಇದು ಗೊತ್ತಿಲ್ಲದೆ ಅಲ್ಲಿಗೆ ಹೋಗಿ ಬೇಸರಪಟ್ಟುಕೊಳ್ಳುವವರಿದ್ದಾರೆ. ಆದರೆ ಅವರ ಮೇಲುಸಹಿ ಮತ್ತು ಮೊಹರು ಇದ್ದ ಅರ್ಜಿಯನ್ನು ರೆಕಾರ್ಡ್ ಆಫೀಸ್ ನಂಬುತ್ತದೆ, ಅರ್ಜಿದಾರರನ್ನು ಕಣ್ಣಾರೆ ಕಂಡ ಅಧಿಕಾರಿ ಸಹಿ ಹಾಕಿದ್ದಾರೆ ಎಂಬುದೇ ಅದರ ಬಲ. ಆದ್ದರಿಂದ ದಂಪತಿ ಇಬ್ಬರೂ ಮೂಲ ದಾಖಲೆಗಳೊಂದಿಗೆ ಹೋಗಬೇಕು. ಬೈಂದೂರಿನಿಂದಲೋ ಕಾರ್ಕಳದಿಂದಲೋ ವಯಸ್ಸಾದವರನ್ನು ಕರೆತರುವುದು ಕಷ್ಟ. ಎರಡು ಸಲ ಬರುವಂತಾಗದಿರಲು ಮೊದಲೇ ಫೋನ್ ಮಾಡಿ, ಅಧಿಕಾರಿ ಪ್ರವಾಸದಲ್ಲಿಲ್ಲ ಎಂದು ಖಚಿತಪಡಿಸಿಕೊಂಡು, ಜೆರಾಕ್ಸ್ ಎರಡು ಸೆಟ್ ಮಾಡಿಸಿಕೊಂಡೇ ಹೊರಡಿ. ಮಾಜಿ ಸೈನಿಕರ ಗುರುತಿನ ಚೀಟಿಯಲ್ಲೂ ಅದೇ ತಪ್ಪಿದ್ದರೆ ರೆಕಾರ್ಡ್ ಆಫೀಸಿನ ಪತ್ರ ಬಂದ ಮೇಲೆ ಇಲ್ಲೇ ಹೊಸದು ಮಾಡಿಸಬಹುದು.

ಸ್ಪರ್ಶ್‌ನಲ್ಲಿ ಒಳ್ಳೆಯ ಅಂಶ ಎಂದರೆ ಪಿಂಚಣಿದಾರರು ತಮ್ಮ ವಿವರವನ್ನು ತಾವೇ ನೋಡಬಹುದು. ಮೊದಲು ಪ್ರಯಾಗರಾಜ್‌ನ ಕಡತದಲ್ಲಿ ಏನಿದೆ ಎಂದು ಊಹಿಸಬೇಕಿತ್ತು. ಕೋರಿಕೆ ಯಾವ ಮೇಜಿನಲ್ಲಿದೆ ಎಂದೂ ತೋರಿಸುತ್ತದೆ. ಕೊರತೆಯೆಂದರೆ, ಎಲ್ಲವೂ ಮೊಬೈಲ್ ಒಟಿಪಿ ಮೇಲೆ ನಿಂತಿದೆ, ಆ ನಂಬರ್ ಮಗನದ್ದೋ ಸೊಸೆಯದ್ದೋ ಆಗಿದ್ದು ಅವರು ಗಲ್ಫಿನಲ್ಲಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಿರಿಯರ ಕೈಯಲ್ಲೇ ಇರುವ ನಂಬರನ್ನು ಮೊದಲು ಆಧಾರ್‌ಗೂ ಸ್ಪರ್ಶ್‌ಗೂ ಜೋಡಿಸಿ. ಲಗತ್ತಿಸುವ ಸ್ಕ್ಯಾನ್ ಓರೆಯಾಗಿ, ಅಂಚು ಕತ್ತರಿಸಿ, ನೆರಳು ಬಿದ್ದಿದ್ದರೆ ಅದೊಂದೇ ಕಾರಣಕ್ಕೆ ತಿರಸ್ಕಾರ ಆಗುತ್ತದೆ. ಫೋನಿನಲ್ಲಿ ತೆಗೆದ ಫೋಟೊಗಿಂತ ಸ್ಕ್ಯಾನರ್ ಮೇಲು.

ಸಾಮಾನ್ಯ ಸೇವಾ ಕೇಂದ್ರಗಳು ಸ್ಪರ್ಶ್ ಕೆಲಸ ಮಾಡಿಕೊಡುತ್ತವೆ, ಜೀವಿತ ಪ್ರಮಾಣಪತ್ರಕ್ಕೆ ಅವು ನಿಜವಾಗಿ ಉಪಕಾರಿ. ಹೆಸರು ತಿದ್ದುಪಡಿಗೆ ಮಾತ್ರ ಕೇಂದ್ರದ ಹುಡುಗನ ಊಹೆಗೆ ಬಿಡಬೇಡಿ: ಪಕ್ಕದಲ್ಲಿ ಕೂತು ಪ್ರತಿ ಅಕ್ಷರ ಓದಿ ಹೇಳಿ, ಸಲ್ಲಿಸುವ ಮೊದಲು ಪರದೆ ನಿಮ್ಮ ಕಡೆ ತಿರುಗಿಸಲು ಕೇಳಿ, ಕೋರಿಕೆಯ ಸಂಖ್ಯೆ ಮುದ್ರಿಸಿಕೊಳ್ಳಿ. ಪಾಸ್‌ವರ್ಡ್ ಅಲ್ಲಿನ ಕಂಪ್ಯೂಟರಿನಲ್ಲಿ ಉಳಿಯದಿರಲಿ. 'ಎಲ್ಲಾ ನಾನೇ ಮಾಡಿಸಿಕೊಡುತ್ತೇನೆ' ಎಂದು ಸಾವಿರಾರು ರೂಪಾಯಿ ಕೇಳುವ ದಲ್ಲಾಳಿಗಳಿಂದ ದೂರ ಇರಿ. ರೆಕಾರ್ಡ್ ಆಫೀಸ್ ತಿದ್ದುಪಡಿಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ. ಖರ್ಚೆಂದರೆ ಸ್ಟಾಂಪು, ವಕೀಲರು, ಜಾಹೀರಾತು, ಅಂಚೆ ಇಷ್ಟೇ.

ಕಳಿಸಿದ ಮೇಲೆ

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಿನದ ಟ್ರ್ಯಾಕಿಂಗ್ ಪುಟ ಮುದ್ರಿಸಿಡಿ. ಉತ್ತರವಿಲ್ಲದಿದ್ದರೆ ಅದೇ ಅರ್ಜಿಯನ್ನು ಮತ್ತೆ ಕಳಿಸಬೇಡಿ, ಒಂದೇ ವಿಷಯಕ್ಕೆ ಎರಡು ಕಡತ ತೆರೆದು ಎರಡೂ ನಿಧಾನವಾಗುತ್ತವೆ. ಹಳೆಯ ದಿನಾಂಕ ಉಲ್ಲೇಖಿಸಿ ನೆನಪೋಲೆ ಬರೆಯಿರಿ. ಅದಕ್ಕೂ ಸುದ್ದಿಯಿಲ್ಲವೆಂದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಅಲ್ಲಿ 'ಯಾಕೆ ಮಾಡಿಲ್ಲ' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. 'ಇಂಥ ದಿನಾಂಕದ ನನ್ನ ಅರ್ಜಿಯ ಮೇಲಿನ ಕಡತ ಟಿಪ್ಪಣಿಯ ಪ್ರತಿ, ಹೊರಡಿಸಿದ ಪಾರ್ಟ್ ಟು ಆರ್ಡರಿನ ಸಂಖ್ಯೆ, ನನ್ನ ಕಿಂಡ್ರೆಡ್ ರೋಲ್‌ನ ಪ್ರತಿ ಕೊಡಿ' ಎಂದು ಕೇಳಿ. 30 ದಿನಗಳ ಗಡುವಿದೆ. ಕಿಂಡ್ರೆಡ್ ರೋಲ್ ಪ್ರತಿ ಸಿಕ್ಕಿದರೆ ಅದೊಂದು ದೊಡ್ಡ ಲಾಭ: ಸೇನೆ ನಿಮ್ಮ ಮನೆಯವರ ಬಗ್ಗೆ ಏನು ಬರೆದುಕೊಂಡಿದೆ ಎಂಬುದು ಸಂದೇಹವಿಲ್ಲದೆ ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣದಲ್ಲಿ ದೂರು ಹಾಕುವುದೂ ಒಂದು ದಾರಿ, ಅಲ್ಲಿ 21 ದಿನಗಳ ಗುರಿ ಇಟ್ಟಿದ್ದಾರೆ.

ಮಕ್ಕಳ ಹೆಸರನ್ನು ಇದೇ ಅರ್ಜಿಯ ಜೊತೆ ನೋಡಿಕೊಳ್ಳಿ. ಘಟಕಕ್ಕೆ ಹುಟ್ಟಿದ ಸುದ್ದಿ ಕಳಿಸುವಾಗ ನಾಮಕರಣವೇ ಆಗಿರದೆ ಮನೆಯಲ್ಲಿ ಕರೆಯುವ ಹೆಸರೇ ದಾಖಲಾದವರು ಬಹಳ. ಮಾಜಿ ಸೈನಿಕರ ಮಕ್ಕಳಿಗಿರುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿಯ ಕೊನೆಯ ದಿನದೊಳಗೆ ತಿದ್ದುಪಡಿ ಮುಗಿಸುವುದು ಆಗದ ಮಾತು. ಮಗು ಹತ್ತನೇ ತರಗತಿಯಲ್ಲಿರುವಾಗಲೇ, ಶಾಲೆಯ ದಾಖಲೆ ಇನ್ನೂ ಅಂತಿಮವಾಗದ ಹೊತ್ತಿನಲ್ಲಿ, ಯಾವುದನ್ನು ಯಾವುದಕ್ಕೆ ಹೊಂದಿಸುವುದೆಂದು ತೀರ್ಮಾನಿಸಿ. ನಿವೃತ್ತಿಯ ನಂತರ ಹುಟ್ಟಿದ ಮಕ್ಕಳನ್ನೂ ಜನನ ಪ್ರಮಾಣಪತ್ರ ಕೊಟ್ಟು ಸೇರಿಸಬಹುದು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿನ ಅರ್ಜಿಯಲ್ಲೂ ಇದೇ ಹೆಸರುಗಳನ್ನು ತಾಳೆ ನೋಡುತ್ತಾರೆ.

ಗಂಡ ತೀರಿಕೊಂಡ ಮೇಲೆ ತಪ್ಪು ಗೊತ್ತಾದರೆ ದಾರಿ ಮುಚ್ಚಿಲ್ಲ. ಹೆಂಡತಿಯೇ ಅರ್ಜಿದಾರರಾಗುತ್ತಾರೆ: ಮರಣ ಪ್ರಮಾಣಪತ್ರ, ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್, ಇಬ್ಬರು ಸಾಕ್ಷಿಗಳು, ತಹಶೀಲ್ದಾರರಿಂದ ಕುಟುಂಬ ಸದಸ್ಯರ ಪ್ರಮಾಣಪತ್ರ, ಜೋಡಿ ಫೋಟೊ. ಮರಣದ ವರದಿಯನ್ನೂ ಹೆಸರು ತಿದ್ದುಪಡಿಯನ್ನೂ ಒಂದೇ ಲಕೋಟೆಯಲ್ಲಿ, ಆದರೆ ಎರಡು ಪ್ರತ್ಯೇಕ ಪತ್ರಗಳಾಗಿ ಕಳಿಸಿ. ಒಂದರ ತಕರಾರು ಇನ್ನೊಂದನ್ನು ಹಿಡಿದು ನಿಲ್ಲಿಸಬಾರದು. ನಿವೃತ್ತಿಯ ನಂತರ ತೀರಿಕೊಂಡವರ ಪತ್ನಿಗೆ ಹೆಚ್ಚಿನ ದರದ ಕುಟುಂಬ ಪಿಂಚಣಿ ಸಿಗುವುದು ಏಳು ವರ್ಷ ಅಥವಾ ಪತಿಗೆ 67 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಚಿಕ್ಕ ವಯಸ್ಸಿನ ಸಾವಾಗಿದ್ದರೆ ಈ ಅವಧಿಯ ಲೆಕ್ಕವನ್ನೂ ಅರ್ಜಿಯಲ್ಲೇ ಕೇಳಿ.

ಕೊರಿಜೆಂಡಮ್ ಬಂದ ದಿನ ಮತ್ತೆ ಆ ನಾಲ್ಕು ಕಾಲಂಗಳ ಹಾಳೆ ತೆಗೆಯಿರಿ. ಹೆಂಡತಿಯ ಹೆಸರು ಸರಿಯಾಗಿ ಜನ್ಮದಿನಾಂಕದಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿರುವುದು ಹೊಸದೇನಲ್ಲ. ಹಾಗಿದ್ದರೆ ಹೊಸ ಅಫಿಡವಿಟ್ ಮಾಡಿಸದೆ, ಬಂದ ಪತ್ರದ ಸಂಖ್ಯೆಯನ್ನೇ ಉಲ್ಲೇಖಿಸಿ ಹಳೆಯ ಪ್ರತಿಗಳೊಂದಿಗೆ ತಿರುಗಿ ಬರೆಯಿರಿ. ಎಲ್ಲವೂ ಸರಿಯಿದ್ದರೆ ಸ್ಪರ್ಶ್‌ನಲ್ಲಿ ಒಳಹೊಕ್ಕು ಅಲ್ಲೂ ಬದಲಾಗಿದೆಯೇ ನೋಡಿ, ಪಾರ್ಟ್ ಟು ಆರ್ಡರಿನ ಸಂಖ್ಯೆ ಮತ್ತು ದಿನಾಂಕವನ್ನು ಡಿಸ್ಚಾರ್ಜ್ ಬುಕ್ಕಿನೊಳಗೆ ಒಂದು ಚೀಟಿಯಲ್ಲಿ ಬರೆದಿಡಿ. ಒಂದು ಪ್ರತಿ ಹೆಂಡತಿಯ ಕೈಗೆ ಕೊಟ್ಟು, ಎಲ್ಲಿಟ್ಟಿದ್ದೀರಿ ಎಂದು ಮಕ್ಕಳಿಗೂ ತೋರಿಸಿ.